ಎಲ್ಲಿವರೆಗೆ ಸರಿ ಇದೆ?

ತಾಳೆಪಟ್ಟಿ, ಅಂದ್ರೆ ಲೆಕ್ಕದ ಎರಡೂ ಕಡೆ ಒಂದೇ ಮೊತ್ತ ಬರುತ್ತಾ ಅಂತ ನೋಡೋ ಟ್ರಯಲ್ ಬ್ಯಾಲೆನ್ಸು, ತಾಳೆ ಆಗ್ದೇ ಹೋದಾಗ ನಮ್ಮ ಹುಡುಗ್ರು ಮೊದ್ಲು ಮಾಡೋ ಕೆಲ್ಸ ಪಕ್ಕದವ್ರ ಪುಸ್ತಕ ಇಣುಕೋದು. ಅವ್ರದ್ದು ತಾಳೆ ಆಗಿದ್ರೆ ಆ ಟೋಟಲ್ ಎತ್ಕೊಂಡು ಬಂದು ತಮ್ಮ ಪುಸ್ತಕದಲ್ಲಿ ಬರ್ದು ಕೆಳಗೆ ನೀಟಾಗಿ ಎರಡು ಗೆರೆ ಎಳ್ದು ಮುಚ್ಚಿಡ್ತಾರೆ. ಮೇಲಿರೋ ಅಂಕಿಗಳನ್ನ ಕೂಡಿದ್ರೆ ಆ ಟೋಟಲ್ ಬರೋದೇ ಇಲ್ಲ, ಆದ್ರೆ ಕೂಡಿ ನೋಡೋಕೆ ಯಾರಿಗೆ ಪುರುಸೊತ್ತು. ನಾನು ಒಂದು ತಾಲ್ಲೂಕು ಊರಿನ ಡಿಗ್ರಿ ಕಾಲೇಜಲ್ಲಿ 17 ವರ್ಷದಿಂದ ಅಕೌಂಟ್ಸ್ ಪಾಠ ಮಾಡ್ತಿದೀನಿ, ಈ ಎರಡು ಗೆರೆಗಳನ್ನ ಅದೆಷ್ಟು ಸಾವಿರ ಪುಸ್ತಕದಲ್ಲಿ ನೋಡಿದೀನೋ ಲೆಕ್ಕ ಇಟ್ಟಿಲ್ಲ.

ಕಾಮರ್ಸ್ ಓದ್ದೇ ಇರೋರಿಗೆ ಒಂದು ಮಾತು ಹೇಳಿಬಿಡ್ತೀನಿ. ವ್ಯಾಪಾರದಲ್ಲಿ ನಡೆಯೋ ಪ್ರತಿಯೊಂದು ವ್ಯವಹಾರಾನೂ ಎರಡು ಕಡೆ ಬರೀತೀವಿ, ತಗೊಳ್ಳೋ ಕಡೆ ಡೆಬಿಟ್, ಕೊಡೋ ಕಡೆ ಕ್ರೆಡಿಟ್. ವೆನಿಸ್ಸಿನ ವ್ಯಾಪಾರಿಗಳು ನಡೆಸ್ಕೊಂಡು ಬಂದಿದ್ದ ಈ ಪದ್ಧತೀನ 1494ರಲ್ಲಿ ಲೂಕಾ ಪಾಚೋಲಿ ಅನ್ನೋ ಗಣಿತದ ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ರು, ಇವತ್ತಿಗೂ ಅದೇ ನಡೀತಿರೋದು. ಎರಡೂ ಕಡೆ ಬರ್ದಿರೋದ್ರಿಂದ ಕೊನೆಗೆ ಎಲ್ಲಾ ಡೆಬಿಟ್ ಒಂದು ಕಡೆ ಎಲ್ಲಾ ಕ್ರೆಡಿಟ್ ಒಂದು ಕಡೆ ಕೂಡಿದ್ರೆ ಒಂದೇ ಮೊತ್ತ ಬರ್ಬೇಕು, ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ. ಆ ತಪ್ಪು ಹುಡುಕೋಕೂ ಒಂದು ದಾರಿ ಇದೆ. ವ್ಯತ್ಯಾಸ ಎಷ್ಟು ಬಂತು ನೋಡು. ಅದರ ಅರ್ಧ ಮಾಡು, ಆ ಮೊತ್ತ ಪಟ್ಟಿಯಲ್ಲಿ ಎಲ್ಲಾದ್ರೂ ಇದ್ರೆ ಅದನ್ನ ಉಲ್ಟಾ ಕಡೆ ಬರ್ದಿರ್ತೀಯ. 4,800 ವ್ಯತ್ಯಾಸ ಬಂದಿದ್ರೆ 2,400 ಎಲ್ಲಿದೆ ಅಂತ ಹುಡುಕು. ಇಲ್ಲಾ ಅಂದ್ರೆ ವ್ಯತ್ಯಾಸವನ್ನ 9ರಿಂದ ಭಾಗಿಸು, ಸರಿಯಾಗಿ ಹೋದ್ರೆ ಎರಡು ಅಂಕಿ ಅದಲು ಬದಲಾಗಿರೋ ಸಾಧ್ಯತೆ ಜಾಸ್ತಿ, 7,830 ಅನ್ನೋದು 7,380 ಆಗಿರುತ್ತೆ, ವ್ಯತ್ಯಾಸ 450, ಅದು 9ರ ಐವತ್ತು ಪಟ್ಟು. ಈ ಒಂಬತ್ತರ ವಿಷಯ ಮೊದಲ ಸಲ ಹೇಳ್ದಾಗ ಕ್ಲಾಸ್ ಪೂರ್ತಿ ಕಣ್ಣರಳಿಸಿ ಕೇಳುತ್ತೆ, ನನಗೂ ಪ್ರತಿ ವರ್ಷ ಅಷ್ಟೇ ಖುಷಿ ಆಗುತ್ತೆ.

ಆದ್ರೆ ಕಣ್ಣರಳಿಸಿದ ಅದೇ ಮಕ್ಕಳು ಮಾರನೇ ದಿನ ಪುಸ್ತಕ ಹಿಡ್ಕೊಂಡು ಬಂದು "ಮೇಡಂ ತಾಳೆ ಆಗ್ತಿಲ್ಲ, ನೋಡಿ" ಅಂತ ಕೈಗೆ ಕೊಡ್ತಿದ್ರು. ನಾನು ನೋಡ್ತಿದ್ದೆ. ಕೆಂಪು ಪೆನ್ ತಗೊಂಡು ಎರಡು ನಿಮಿಷದಲ್ಲಿ ಕಮಿಷನ್ ತಪ್ಪು ಕಡೆ ಹಾಕಿದೀಯ ನೋಡು ಅಂತ ಸುತ್ತು ಹಾಕಿ ಕೊಡ್ತಿದ್ದೆ, ಅವ್ರು ಥ್ಯಾಂಕ್ಯೂ ಮೇಡಂ ಅಂತ ಹೋಗ್ತಿದ್ರು, ನಾನು ಒಳ್ಳೇ ಮೇಡಂ ಅನ್ನಿಸ್ಕೊಳ್ತಿದ್ದೆ. ಹೀಗೇ ಹತ್ತು ಹನ್ನೊಂದು ವರ್ಷ ನಡೀತು. ಪರೀಕ್ಷೆ ಹಾಲಲ್ಲಿ ಅದೇ ಮಕ್ಕಳು ತಾಳೆ ಆಗ್ದಿದ್ದ ಪಟ್ಟಿ ಮುಂದೆ ಇಟ್ಕೊಂಡು ಮುಕ್ಕಾಲು ಗಂಟೆ ಸುಮ್ನೆ ಕೂತಿರೋದನ್ನ ಇನ್ವಿಜಿಲೇಷನ್ ಮಾಡ್ತಾ ನಾನೇ ನೋಡಿದೀನಿ. ಆ ಮುಖಗಳು ಈಗ್ಲೂ ಕಣ್ಮುಂದೆ ಬರ್ತವೆ. ತಪ್ಪು ಹುಡುಕೋ ಕೆಲಸ ಅವ್ರ ಕೈಯಿಂದ ಪ್ರತಿ ಸಲ ನಾನೇ ಕಿತ್ಕೊಂಡಿದ್ದೆ, ಅದು ಆಗ ನನಗೆ ಹೊಳೀಲಿಲ್ಲ.

ಹೊಳೆದಿದ್ದು ಗಂಟಲು ಹೋದಾಗ. ಆರು ವರ್ಷದ ಹಿಂದೆ ಗಂಟಲು ಪೂರ್ತಿ ಕಟ್ಟಿ ಡಾಕ್ಟ್ರು ಹತ್ತು ದಿನ ಒಂದು ಮಾತೂ ಆಡಬೇಡಿ, ಪಿಸುಮಾತೂ ಬೇಡ ಅಂದ್ರು. ಸೆಮಿಸ್ಟರ್ ಕೊನೆ, ರಜ ಹಾಕೋ ಹಂಗಿಲ್ಲ, ಲೆಕ್ಕಗಳನ್ನ ಬೋರ್ಡ್ ಮೇಲೆ ಬರ್ದು ಮಕ್ಕಳಿಗೆ ಮಾಡೋಕೆ ಕೊಟ್ಟು ಕೂತಿರ್ತಿದ್ದೆ. ಯಾರಾದ್ರೂ ಪುಸ್ತಕ ತಗೊಂಡು ಬಂದ್ರೆ ವಿವರಿಸೋಕೆ ಆಗಲ್ವಲ್ಲ, ಹಾಗಾಗಿ ಒಂದು ಚೀಟಿ ಬರ್ದಿಟ್ಕೊಂಡಿದ್ದೆ, "ಎಲ್ಲಿವರೆಗೆ ಸರಿ ಇದೆ? ಅಲ್ಲಿ ಪೆನ್ಸಿಲಲ್ಲಿ ಒಂದು ಗೆರೆ ಹಾಕ್ಕೊಂಡು ಬಾ" ಅಂತ. ಬಂದವ್ರಿಗೆಲ್ಲಾ ಅದೇ ಚೀಟಿ ತೋರಿಸ್ತಿದ್ದೆ. ಮೊದಲ ದಿನ ಎಲ್ರಿಗೂ ಪೀಕಲಾಟ, ಎಲ್ಲಿವರೆಗೆ ಸರಿ ಅಂತ ಗೊತ್ತಿದ್ರೆ ನಾವ್ಯಾಕೆ ಬರ್ತಿದ್ವಿ ಮೇಡಂ ಅನ್ನೋ ಥರ ನೋಡೋರು. ಮೂರನೇ ದಿನಕ್ಕೆ ಏನಾಯ್ತು ಅಂದ್ರೆ ಗೆರೆ ಹಾಕೋಕೆ ಅಂತ ವಾಪಸ್ ಬೆಂಚಿಗೆ ಹೋದೋರಲ್ಲಿ ಸುಮಾರು ಜನ ಮತ್ತೆ ನನ್ನ ಹತ್ರ ಬರ್ಲೇ ಇಲ್ಲ. ಗೆರೆ ಹಾಕೋಕೆ ಅಂತ ಒಂದೊಂದೇ ಸಾಲು ಮೇಲಿಂದ ನೋಡ್ತಾ ಬಂದಾಗ ತಪ್ಪು ಅವ್ರಿಗೇ ಸಿಕ್ಕಿತ್ತು.

ಆ ಹತ್ತು ದಿನ ಆದ್ಮೇಲೆ ಮಾತು ವಾಪಸ್ ಬಂತು, ಚೀಟಿ ಮಾತ್ರ ನಾನು ಬಿಡ್ಲಿಲ್ಲ.

ಈ ಗೆರೆಯಿಂದ ನನಗೆ ಗೊತ್ತಾದ ದೊಡ್ಡ ವಿಷಯ ಒಂದಿದೆ. "ಅರ್ಥ ಆಗ್ಲಿಲ್ಲ" ಅನ್ನೋದು ಒಂದು ಸಮಸ್ಯೆ ಅಲ್ಲ, ಅದರೊಳಗೆ ಏನೇನೋ ತುಂಬ್ಕೊಂಡಿರೋ ಮೂಟೆ. ನಮ್ಮ ಅಕೌಂಟ್ಸಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ತಾಳೆ ಆಗ್ದೇ ಉಳಿದ ವ್ಯತ್ಯಾಸವನ್ನ ಸದ್ಯಕ್ಕೆ ಅಲ್ಲಿಗೆ ಹಾಕಿಡೋದು, ತಪ್ಪು ಸಿಕ್ಕಮೇಲೆ ಅಲ್ಲಿಂದ ತೆಗೆದು ಸರಿ ಮಾಡೋದು. ತಾತ್ಕಾಲಿಕ ಅದು. ನಮ್ಮ ಮಕ್ಕಳು ತಮಗೆ ಗೊತ್ತಾಗದಿದ್ದನ್ನೆಲ್ಲಾ ಅಂಥದ್ದೊಂದು ಖಾತೆಗೆ ಹಾಕಿ ಮೂರು ವರ್ಷ ಹಾಗೇ ಬಿಟ್ಬಿಡ್ತಾರೆ. ಆ ಖಾತೆಗೆ ಬೇರೆ ಬೇರೆ ಹೆಸರು. ನಂಗೆ ಮೊದ್ಲಿಂದ್ಲೂ ಲೆಕ್ಕ ಬರಲ್ಲ, ಪಿಯುಸೀಲಿ ನಾನು ಸೈನ್ಸ್ ಓದಿದ್ದು, ಅವ್ರು ಪಾಠ ಮಾಡೋದು ಫಾಸ್ಟು, ಇಂಗ್ಲಿಷ್ ಬುಕ್ಕು, ನಂಗೆ ತಲೆ ಇಲ್ಲ. ಇದರಲ್ಲಿ ಎಷ್ಟೋ ನಿಜಾನೇ ಇರುತ್ತೆ, ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಅದನ್ನ ಬಿಡಿಸಿ ನೋಡ್ದೇ ಹಾಗೇ ಇಟ್ರೆ ಏನೂ ಸರಿ ಆಗಲ್ಲ.

ಒಬ್ಬ ಹುಡುಗನ ವಿಷಯ ಹೇಳ್ತೀನಿ. ಮೊದಲ ಸೆಮಿಸ್ಟರಲ್ಲಿ ಕೊನೇ ಬೆಂಚು, ಎರಡು ಇಂಟರ್ನಲ್ಸಲ್ಲೂ ಕಮ್ಮಿ. ಕರೆದು ಕೇಳಿದ್ರೆ ಅಕೌಂಟ್ಸ್ ನಂಗೆ ಹತ್ತಲ್ಲ ಮೇಡಂ ಅಂತ ಒಂದೇ ಮಾತು. ಗೆರೆ ಹಾಕ್ಕೊಂಡು ಬಾ ಅಂದೆ. ಗೆರೆ ಹಾಕ್ಕೊಂಡು ಬಂದ, ಮೊದಲ ಪಾಠದ ಮೊದಲ ಲೆಕ್ಕದ ಎರಡನೇ ಸಾಲಿನ ಕೆಳಗೆ! ಬ್ಯಾಂಕಿಗೆ ದುಡ್ಡು ಕಟ್ಟಿದ್ದು, ಬ್ಯಾಂಕ್ ಅಕೌಂಟ್ ಡೆಬಿಟ್, ಕ್ಯಾಶ್ ಅಕೌಂಟ್ ಕ್ರೆಡಿಟ್. "ಇಲ್ಲೇನು ತೊಂದ್ರೆ?" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಫೋನ್ ತೆಗೆದು ಒಂದು ಎಸ್ಸೆಮ್ಮೆಸ್ ತೋರಿಸ್ದ. "ನೋಡಿ ಮೇಡಂ, ದುಡ್ಡು ಬಂದ್ರೆ ಬ್ಯಾಂಕ್‌ನೋರು ಕ್ರೆಡಿಟೆಡ್ ಅಂತಾರೆ, ಹೋದ್ರೆ ಡೆಬಿಟೆಡ್ ಅಂತಾರೆ. ನೀವು ಬ್ಯಾಂಕಿಗೆ ದುಡ್ಡು ಹಾಕಿದ್ರೆ ಡೆಬಿಟ್ ಮಾಡಿ ಅಂತೀರ. ಬ್ಯಾಂಕ್‌ನೋರು ತಪ್ಪಾ ನೀವು ತಪ್ಪಾ?"

ಎಷ್ಟು ಒಳ್ಳೇ ಪ್ರಶ್ನೆ ಅದು! ನಾಲ್ಕು ತಿಂಗಳು ಅವನು ಅದನ್ನ ಹೊಟ್ಟೇಲಿಟ್ಕೊಂಡು ಕೊನೇ ಬೆಂಚಲ್ಲಿ ಕೂತಿದ್ದ, ದಡ್ಡ ಅಂತ ಅನ್ನಿಸ್ಕೊಂಡು, ತಾನೂ ಹಾಗೇ ಅಂದ್ಕೊಂಡು. ಅವತ್ತು ನನ್ನ ನಾಲಿಗೆ ತುದೀಲಿ ಉತ್ತರ ಇತ್ತು, ಹೇಳ್ಲಿಲ್ಲ, ಹೇಳ್ದೇ ಇರೋದು ಕಷ್ಟ ಆಯ್ತು. "ಆ ಮೆಸೇಜ್ ಬರೆದೋರು ಯಾರ ಪುಸ್ತಕ ನೋಡ್ಕೊಂಡು ಬರ್ದಿದಾರೆ ಅಂತ ಯೋಚ್ನೆ ಮಾಡ್ಕೊಂಡು ಬಾ" ಅಂತಷ್ಟೇ ಹೇಳಿ ಕಳಿಸ್ದೆ. ನಾಲ್ಕು ದಿನ ಆಳು ಪತ್ತೆ ಇಲ್ಲ. ಐದನೇ ದಿನ ಕಾರಿಡಾರಲ್ಲಿ ಅಡ್ಡ ಬಂದು ಒಂದೇ ಉಸಿರಲ್ಲಿ ಹೇಳ್ದ, "ಮೇಡಂ ನಮ್ಮಮ್ಮ ಡೈರಿಗೆ ಹಾಲು ಹಾಕ್ತಾರೆ, ಡೈರಿ ಪುಸ್ತಕದಲ್ಲಿ ಅಮ್ಮ ಕೊಡೋಳು, ಅದಕ್ಕೆ ಅಲ್ಲಿ ಅಮ್ಮನ ಹೆಸರು ಕ್ರೆಡಿಟ್ಟು, ಅವ್ರು ಅಮ್ಮಂಗೆ ದುಡ್ಡು ಕೊಡ್ಬೇಕು. ನಮ್ಮನೇಲಿ ಒಂದು ಪುಸ್ತಕ ಇದ್ರೆ ಅದರಲ್ಲಿ ಡೈರಿ ತಗೊಳ್ಳೋನು, ಡೈರಿ ಡೆಬಿಟ್ಟು. ಬ್ಯಾಂಕೂ ಹಂಗೇ, ನನ್ ದುಡ್ಡು ಅವ್ರಿಗೆ ಸಾಲ, ಅವ್ರ ಪುಸ್ತಕದಲ್ಲಿ ನಾನು ಕ್ರೆಡಿಟ್ಟು, ನನ್ ಪುಸ್ತಕದಲ್ಲಿ ಬ್ಯಾಂಕು ಡೆಬಿಟ್ಟು. ಇಬ್ರೂ ಸರಿ!" ಅಲ್ಲಿವರೆಗೂ ನಾನು ಈ ಪಾಠಕ್ಕೆ ಇಷ್ಟು ಚೆಂದದ ಉದಾಹರಣೆ ಕೊಟ್ಟಿರ್ಲಿಲ್ಲ. ಈಗ ಪ್ರತಿ ವರ್ಷ ಡೈರಿ ಉದಾಹರಣೇನೇ ಕೊಡೋದು, ಯಾರ ಮನೇಲಿ ಹಸು ಇದೆ ಕೈ ಎತ್ತಿ ಅಂತ ಶುರು ಮಾಡ್ತೀನಿ.

ಇನ್ನೊಬ್ಬಳು ಹುಡುಗಿ, ಹತ್ತನೇ ಕ್ಲಾಸ್‌ವರೆಗೂ ಪಿಯುಸೀಲೂ ಕನ್ನಡ ಮೀಡಿಯಂ. ಅವಳ ಗೆರೆ ಬೇರೆ ಕಡೆ ಇತ್ತು. ಕನ್ನಡದ ಅಕೌಂಟ್ಸ್ ಪುಸ್ತಕಗಳಲ್ಲಿ ಡೆಬಿಟ್‌ಗೆ ಖರ್ಚು ಅಂತಾರೆ, ಕ್ರೆಡಿಟ್‌ಗೆ ಜಮಾ ಅಂತಾರೆ. ಮನೇಲಿ ಖರ್ಚು ಅಂದ್ರೆ ದುಡ್ಡು ಹೋಗೋದು, ಜಮಾ ಅಂದ್ರೆ ದುಡ್ಡು ಬರೋದು ತಾನೇ. ಹಂಗಿದ್ಮೇಲೆ ನಗದು ಬಂದಾಗ ನಗದು ಖಾತೆಗೆ ಖರ್ಚು ಅಂತ ಯಾಕೆ ಬರೀಬೇಕು ಅನ್ನೋದು ಅವಳ ಪ್ರಶ್ನೆ. ಅವಳಿಗೆ ವಿಷಯ ಅರ್ಥ ಆಗಿತ್ತು, ಪದ ಅಡ್ಡ ಬಂದಿತ್ತು. ಈ ಎರಡೂ ಸಮಸ್ಯೆ ನನಗೆ ಹೊರಗಿಂದ ಒಂದೇ ಥರ ಕಾಣಿಸ್ತಿತ್ತು, ಕಮ್ಮಿ ಮಾರ್ಕ್ಸು ಅಂತ. ಇಬ್ರಿಗೂ ಅದೇ ಪಾಠ ಇನ್ನೊಂದ್ಸಲ ನಿಧಾನಕ್ಕೆ ಮಾಡಿದ್ರೆ ಇಬ್ರಿಗೂ ಉಪಯೋಗ ಆಗ್ತಿರ್ಲಿಲ್ಲ. ಎಲ್ಲಿ ಕಟ್ಟಾಗಿದೆ ಅಂತ ಅವ್ರೇ ಹೇಳ್ಬೇಕು, ಅವ್ರ ತಲೆ ಒಳಗೆ ನಾನು ಇಳ್ದು ನೋಡೋಕಾಗಲ್ಲ.

ಜವಾಬ್ದಾರಿ ಅನ್ನೋ ಪದಾನ ನಮ್ಮ ಮನೆಗಳಲ್ಲಿ ಬೈಯೋಕೆ ಬಳಸ್ತೀವಿ. ಇವನಿಗೆ ಇನ್ನೂ ಜವಾಬ್ದಾರಿ ಬಂದಿಲ್ಲ, ಜವಾಬ್ದಾರಿ ಇಲ್ದೋಳು, ಹೀಗೆ. ಅದಕ್ಕೇ ಕಾಲೇಜಲ್ಲಿ ನಾವು ನಿಮ್ಮ ಓದಿನ ಜವಾಬ್ದಾರಿ ನೀವು ತಗೊಳ್ಳಿ ಅಂದ್ರೆ ಅವ್ರಿಗೆ ಕೇಳ್ಸೋದು ತಪ್ಪೆಲ್ಲಾ ನಿಂದೇ ಅಂತ. ಆ ಪದದ ಒಳಗೆ ಜವಾಬು ಇದೆ ನೋಡಿ, ಉತ್ತರ. ಉತ್ತರ ಕೊಡೋನು ಜವಾಬ್ದಾರ. ನಾವು ಮಕ್ಕಳಿಗೆ ಹೇಳ್ಕೊಟ್ಟಿರೋದು ದೊಡ್ಡವ್ರು ಕೇಳಿದ್ದಕ್ಕೆ ತಲೆ ತಗ್ಗಿಸಿ ಜವಾಬು ಕೊಡೋದನ್ನ, ಅಟೆಂಡೆನ್ಸ್ ಯಾಕೆ ಕಮ್ಮಿ, ಮಾರ್ಕ್ಸ್ ಯಾಕೆ ಕಮ್ಮಿ. ತಾನು ತನಗೇ ಹಾಕ್ಕೊಂಡ ಪ್ರಶ್ನೆಗೆ ಜವಾಬು ಹುಡುಕೋದನ್ನ ಹೇಳ್ಕೊಟ್ಟಿಲ್ಲ. ನನ್ನ ಮಟ್ಟಿಗೆ ಆ ಹುಡುಗ ಡೈರಿ ಲೆಕ್ಕ ತಗೊಂಡು ಕಾರಿಡಾರಲ್ಲಿ ಅಡ್ಡ ಬಂದಿದ್ದೇ ಜವಾಬ್ದಾರಿ.

ಪರಿಸ್ಥಿತಿ ಬಗ್ಗೆ ಮಾತಾಡ್ದೇ ಇದ್ರೆ ಈ ಬರಹ ಸುಳ್ಳಾಗುತ್ತೆ. ನಮ್ಮ ಕಾಲೇಜಿಗೆ ಬರೋ ಹುಡುಗ್ರಲ್ಲಿ ರಾತ್ರಿ ಪೆಟ್ರೋಲ್ ಬಂಕಲ್ಲಿ ನಿಂತು ಬೆಳಿಗ್ಗೆ ಕಣ್ಣುರಿ ಇಟ್ಕೊಂಡು ಬರೋರಿದಾರೆ, ಹೂ ಬಿಡಿಸಿ ಮಾರ್ಕೆಟ್ಟಿಗೆ ಕೊಟ್ಟು ಬರೋರಿದಾರೆ. ಶಕ್ತಿ ಯೋಜನೆ 2023ರ ಜೂನಲ್ಲಿ ಬಂದ್ಮೇಲೆ ಹೆಣ್ಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಹೋಯ್ತು, ಅದು ನಿಜವಾಗ್ಲೂ ದೊಡ್ಡದು, ಆದ್ರೆ ಊರಿಗೆ ಇರೋದು ದಿನಕ್ಕೆ ಮೂರು ಬಸ್ಸು ಅಂದ್ರೆ ಮೂರೂವರೆ ಬಸ್ ತಪ್ಪಿದ್ರೆ ರಾತ್ರಿ ಆಗುತ್ತೆ, ಹಾಗಾಗಿ ಕೊನೇ ಪೀರಿಯಡ್ ಪ್ರತಿ ದಿನ ಅರ್ಧಕ್ಕೇ ಎದ್ದು ಹೋಗ್ಬೇಕು. ಕೆಲವು ವಿಷಯಕ್ಕೆ ತಿಂಗಳುಗಟ್ಟಲೆ ಪಾಠ ಮಾಡೋರೇ ಇರಲ್ಲ. 2021ರಲ್ಲಿ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಅಂತ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ ಬಂತು, ಸಿಲಬಸ್ ಬದಲಾಯ್ತು, ಸೀನಿಯರ್ಸ್ ನೋಟ್ಸ್ ಜೂನಿಯರ್ಸ್‌ಗೆ ಕೆಲ್ಸಕ್ಕೆ ಬರ್ದೇ ಹೋಯ್ತು. ಇದ್ಯಾವ್ದೂ ಮಕ್ಕಳ ತಪ್ಪಲ್ಲ. ಇದನ್ನ ಸರಿ ಮಾಡ್ಬೇಕಾದೋರು ಬೇರೆಯವ್ರು, ಅದನ್ನ ಕೇಳೋದು ಮಕ್ಕಳ ಹಕ್ಕು, ನಾನೂ ಅವ್ರ ಜೊತೆ ನಿಂತು ಕೇಳ್ತೀನಿ, ಕೇಳಿದೀನಿ. ಆದ್ರೆ ಅದು ಸರಿ ಆಗೋವರೆಗೂ ಸೆಮಿಸ್ಟರ್ ಕಾಯಲ್ಲ. ಅರ್ಧಕ್ಕೇ ಎದ್ದು ಹೋಗೋ ಹುಡುಗಿ ಒಬ್ಬಳು ತಾನೇ ಒಂದು ಏರ್ಪಾಡು ಮಾಡ್ಕೊಂಡ್ಳು. ಗೆಳತಿ ಕೈಲಿ ನೋಟ್ಸ್ ಫೋಟೋ ಬೇಡ, ಉಳಿದರ್ಧ ಪಾಠಾನ ನಿನ್ನ ಮಾತಲ್ಲಿ ವಾಟ್ಸಾಪಲ್ಲಿ ವಾಯ್ಸ್ ಹಾಕು ಅಂದ್ಳು. ಅವಳಿಗೆ ಪಾಠ ಸಿಕ್ತು. ಹೇಳ್ಕೊಟ್ಟ ಗೆಳತಿಗೆ ಮಾರ್ಕ್ಸ್ ಅವಳಿಗಿಂತ ಜಾಸ್ತಿ ಬಂತು, ಯಾಕಂದ್ರೆ ದಿನಾ ಬೇರೆಯವ್ರಿಗೆ ಹೇಳ್ಬೇಕು ಅಂದ್ರೆ ತಾನು ಮೊದ್ಲು ತಿಳ್ಕೊಳ್ಳೇಬೇಕಲ್ಲ.

ಓದೋ ವಿಧಾನದ ಬಗ್ಗೆ ಒಂದು ವಿಷಯ ಎಲ್ಲಾ ಮಕ್ಕಳಿಗೂ ಮೊದಲ ವಾರವೇ ಹೇಳ್ತೀನಿ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟೀಲಿ ರೋಡಿಗರ್ ಮತ್ತೆ ಕಾರ್ಪಿಕಿ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಕಾಲೇಜು ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿದ್ರು. ಒಂದು ಗುಂಪಿಗೆ ಒಂದು ಚಿಕ್ಕ ಪಾಠ ನಾಲ್ಕು ಸಲ ಓದೋಕೆ ಹೇಳಿದ್ರು. ಇನ್ನೊಂದು ಗುಂಪಿಗೆ ಒಂದೇ ಸಲ ಓದಿ, ಮೂರು ಸಲ ಪಾಠ ನೋಡ್ದೇ ನೆನಪಿದ್ದಷ್ಟು ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡ್ದಾಗ ನಾಲ್ಕು ಸಲ ಓದಿದೋರು ಮುಂದೆ ಇದ್ರು. ಒಂದು ವಾರ ಬಿಟ್ಟು ಮಾಡ್ದಾಗ ಉಲ್ಟಾ, ಬರ್ದು ನೋಡಿದೋರಿಗೆ ಶೇಕಡ 61ರಷ್ಟು ನೆನಪಿತ್ತು, ಓದಿ ಓದಿ ಇಟ್ಟೋರಿಗೆ ಶೇಕಡ 40. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಮಾತು, ನಿಮಗೆ ಎಷ್ಟು ನೆನಪಿರುತ್ತೆ ಅಂತ ಮೊದ್ಲೇ ಕೇಳಿದಾಗ ಹೆಚ್ಚು ಧೈರ್ಯವಾಗಿ ಹೇಳಿದೋರು ನಾಲ್ಕು ಸಲ ಓದಿದ ಗುಂಪಿನೋರೇ. ಅಂದ್ರೆ ಮತ್ತೆ ಮತ್ತೆ ಓದಿದ್ರೆ ಬರುತ್ತೆ ಅನ್ನೋ ಭಾವನೆ ಬರುತ್ತೆ, ಪಾಠ ಬರಲ್ಲ. 2013ರಲ್ಲಿ ಡನ್ಲಾಸ್ಕಿ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞರು ಮತ್ತೆ ಅವ್ರ ಜೊತೆಗಾರರು ಹತ್ತು ಓದೋ ವಿಧಾನಗಳನ್ನ ಪರಿಶೀಲಿಸಿ ನೋಡ್ದಾಗ್ಲೂ ಗೆರೆ ಎಳೆದು ಬಣ್ಣ ಹಚ್ಚೋದು, ಸುಮ್ನೆ ಮತ್ತೆ ಓದೋದು ಕೆಳಗಿನ ದರ್ಜೆಗೆ ಹೋಯ್ತು, ತನ್ನನ್ನೇ ಪರೀಕ್ಷೆ ಮಾಡ್ಕೊಳ್ಳೋದು, ದಿನ ಬಿಟ್ಟು ದಿನ ಹಂಚಿ ಓದೋದು ಮೇಲೆ ಬಂತು.

ನಮ್ಮ ಕಡೆ ಪರೀಕ್ಷೆ ಹಿಂದಿನ ರಾತ್ರಿ ಗೈಡಲ್ಲಿರೋ ಬಿಡಿಸಿದ ಲೆಕ್ಕ ಓದ್ತಾರೆ. ಅಕೌಂಟ್ಸ್ ಲೆಕ್ಕಾನ ಕಥೆ ಪುಸ್ತಕ ಓದೋ ಹಂಗೆ ಓದೋದು! ಹೌದು ಹೌದು ಅಂತ ತಲೆ ಆಡಿಸ್ತಾ ಹೋಗ್ಬಹುದು, ಪ್ರತಿ ಸಾಲೂ ಸರಿ ಅನ್ಸುತ್ತೆ. ಉತ್ತರ ಮುಚ್ಚಿಟ್ಟು ಖಾಲಿ ಹಾಳೆ ಮುಂದೆ ಕೂತಾಗಲೇ ಕೈ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗೋದು. ಕೈ ನಿಂತ ಜಾಗ ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು, ಅದಕ್ಕೇ ನಾನು ಲೆಕ್ಕ ಬಿಡಿಸೋಕೆ ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಂಡು ಬರೋ ಮಕ್ಕಳಿಗೆ ಮೊದ್ಲು ಒಳ್ಳೇದಾಯ್ತು ಬಾ ಅಂತೀನಿ. ಈಗ ಫೋನಲ್ಲಿ ಲೆಕ್ಕದ ಫೋಟೋ ತೆಗೆದು ಹಾಕಿದ್ರೆ ಉತ್ತರ ಪೂರ್ತಿ ಬರೆದು ಕೊಡೋ ಚಾಟ್‌ಜಿಪಿಟಿ ಥರದ್ದು ಬಂದಿದೆ. ಅದನ್ನ ಮುಟ್ಟಬೇಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ನಡೆಯಲ್ಲ, ಮನೇಲಿ ಕೇಳೋಕೆ ಯಾರೂ ಇಲ್ದಿರೋ ಮಗುವಿಗೆ ರಾತ್ರಿ ಹತ್ತು ಗಂಟೇಲಿ ಅದು ಆಸರೆಯೂ ಹೌದು. ನಾನು ಕೇಳ್ಕೊಳ್ಳೋದು ಇಷ್ಟೇ, ಲೆಕ್ಕದ ಫೋಟೋ ಹಾಕಬೇಡಿ, ನೀವು ಮಾಡಿರೋದ್ರ ಫೋಟೋ ಹಾಕಿ, ಉತ್ತರ ಹೇಳ್ಬೇಡ, ನಾನು ಎಷ್ಟನೇ ಸಾಲಲ್ಲಿ ಎಡವಿದೀನಿ ಅಂತ ಮಾತ್ರ ಹೇಳು ಅಂತ ಕೇಳಿ, ಅದು ಹೇಳಿದ್ದನ್ನೂ ನಂಬಿಬಿಡ್ಬೇಡಿ, ಕೂಡಿ ನೋಡಿ. ಇದನ್ನ ಮಾಡೋರು ಕ್ಲಾಸಿಗೆ ಏಳೆಂಟು ಜನ ಇರ್ಬಹುದು. ಉಳಿದೋರು ಉತ್ತರ ಇಳಿಸ್ಕೊಂಡು ಬರ್ತಾರೆ, ಎರಡು ಗೆರೆ ಎಳ್ಕೊಂಡು. ತಾ ಸಾಯ್ದೇ ಸ್ವರ್ಗ ಕಾಣಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು, ಕಲಿಯೋ ವಿಷಯದಲ್ಲಿ ನಾನು ಕಂಡಿರೋದೂ ಅಷ್ಟೇ.

ಪೇರೆಂಟ್ಸ್ ಮೀಟಿಂಗಿಗೆ ಬರೋ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನೋರು ಹೇಳೋದು ನೀವೇ ಬುದ್ಧಿ ಹೇಳಿ ಮೇಡಂ, ಬೇಕಾದ್ರೆ ಎರಡು ಬಾರಿಸಿ ಅಂತ. ಹತ್ತೊಂಬತ್ತು ವರ್ಷದ ಮಕ್ಕಳನ್ನ. ಒಂದು ಸಲ ಬೋರ್‌ವೆಲ್ ಮೋಟ್ರು ರಿಪೇರಿ ಮಾಡೋ ಒಬ್ಬರು ಮಗಳ ಜೊತೆ ಬಂದಿದ್ರು. ನಾವೇನು ಓದಿಲ್ಲ ಮೇಡಂ, ನಮಗೇನು ಗೊತ್ತಾಗುತ್ತೆ ಅಂದ್ರು. ನಾನು ಸುಮ್ನೆ ಕೇಳ್ದೆ, "ನೀರು ಬರ್ತಿಲ್ಲ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನೀವು ಹೋಗಿ ಮೊದ್ಲು ಏನ್ಮಾಡ್ತೀರ?" ಅವ್ರ ಮುಖವೇ ಬದಲಾಯ್ತು. "ಮೊದ್ಲು ಕರೆಂಟು ಮೂರೂ ಫೇಸ್ ಬರ್ತಿದೆಯಾ ನೋಡ್ತೀನಿ ಮೇಡಂ. ಆಮೇಲೆ ಸ್ಟಾರ್ಟ್ರು. ಅದು ಸರಿ ಇದ್ರೆ ಕೇಬಲ್ಲು. ಮೋಟ್ರು ಎತ್ತೋದು ಕೊನೆಗೆ, ನೂರಾರು ಅಡಿ ಪೈಪು ಎತ್ತೋಕೆ ಆಳು, ಖರ್ಚು, ಸುಮ್ ಸುಮ್ನೆ ಎತ್ತಿದ್ರೆ ರೈತ ಸಾಯ್ತಾನೆ. ಹೊಸಬ್ರು ಬಂದೋರು ಹೋದ ತಕ್ಷಣ ಮೋಟ್ರು ಸುಟ್ಟೋಗಿದೆ ಅಂದ್ಬಿಡ್ತಾರೆ." ಮಗಳು ಪಕ್ಕದಲ್ಲೇ ಕೇಳಿಸ್ಕೊಂಡು ನಿಂತಿದ್ಳು. ನಾನೇನೂ ಸೇರಿಸ್ಲಿಲ್ಲ. ನಂಗೆ ತಲೆ ಇಲ್ಲ ಮೇಡಂ ಅಂತ ಹಿಂದಿನ ವಾರ ಅತ್ತಿದ್ದ ಹುಡುಗಿ ಅವಳು. ಮುಂದಿನ ವಾರ ಬಂದಾಗ ಪುಸ್ತಕದ ಅಂಚಲ್ಲಿ ಚಿಕ್ಕದಾಗಿ ಕರೆಂಟು, ಸ್ಟಾರ್ಟರ್, ಕೇಬಲ್, ಮೋಟರ್ ಅಂತ ಬರ್ಕೊಂಡಿದ್ಳು. ಕರೆಂಟು ಅಂದ್ರೆ ಪ್ರಶ್ನೆ ಸರಿ ಓದಿದೀನಾ, ಸ್ಟಾರ್ಟರ್ ಅಂದ್ರೆ ಯಾವ ಖಾತೆ ಅಂತ ಗುರುತಿಸಿದೀನಾ, ಹೀಗೆ ತನ್ನದೇ ಒಂದು ಪಟ್ಟಿ. ಅವಳ ತಪ್ಪುಗಳಲ್ಲಿ ಮುಕ್ಕಾಲು ಪಾಲು ಕರೆಂಟಲ್ಲೇ ಇತ್ತು, ಪ್ರಶ್ನೆ ಇಂಗ್ಲಿಷಲ್ಲಿ ಅವಸರವಾಗಿ ಓದಿ ಪರ್ಚೇಸ್ಡ್ ಫ್ರಮ್ ಅನ್ನೋದನ್ನ ಸೋಲ್ಡ್ ಟು ಅಂತ ತಿಳ್ಕೊಳ್ಳೋದು. ಮೋಟ್ರು ಚೆನ್ನಾಗೇ ಇತ್ತು.

ಎಲ್ಲಾ ಸಲ ಹೀಗೆ ಆಗಲ್ಲ. ಒಬ್ಬ ವಿದ್ಯಾರ್ಥಿನಿ ಕ್ಲಾಸಲ್ಲೇ ಎದ್ದು ನಿಂತು ಎಲ್ಲಾ ನಾವೇ ಹುಡುಕೋದಾದ್ರೆ ನೀವ್ಯಾಕೆ ಮೇಡಂ ಅಂದ್ಳು. ಕೋಪ ಬರ್ಲಿಲ್ಲ ಅಂದ್ರೆ ಸುಳ್ಳು, ಆದ್ರೆ ಆ ರಾತ್ರಿ ಯೋಚ್ನೆ ಮಾಡ್ದಾಗ ಅವಳ ಮಾತಲ್ಲಿ ಹುರುಳಿದೆ ಅನ್ನಿಸ್ತು. ಗೆರೆ ಹಾಕ್ಕೊಂಡು ಬಂದ್ಮೇಲೆ ನಾನು ಸಿಗ್ಬೇಕು, ಇದು ನನ್ನ ಕಡೆ ಸಾಲ. ಸ್ಟಾಫ್ ರೂಮಿಗೆ ಬಂದ ಮಗುವಿಗೆ ನಾಳೆ ಬಾ ಅಂದ್ರೆ ಆ ಮಗು ನಾಡಿದ್ದು ಬರಲ್ಲ. ಹಾಗಾಗಿ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ನಾನು ಎಲ್ಲೂ ಹೋಗಲ್ಲ ಅಂತ ಬೋರ್ಡ್ ಮೇಲೆ ಬರ್ದೆ, ಇವತ್ತಿಗೂ ಆ ಅರ್ಧ ಗಂಟೆ ಮಕ್ಕಳದ್ದೇ. ಕ್ಲಾಸಲ್ಲಿ ತಪ್ಪು ಪ್ರಶ್ನೆ ಕೇಳಿದೋರನ್ನ ನೋಡಿ ಉಳಿದೋರು ನಗೋಕೆ ನಾನು ಬಿಡಲ್ಲ, ಇದೊಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು, ಯಾಕಂದ್ರೆ ಒಂದು ಸಲ ನಗು ಬಿದ್ರೆ ಆ ಮಗು ಮೂರು ವರ್ಷ ಬಾಯಿ ಬಿಡಲ್ಲ. ಮೊದಲ ಲೆಕ್ಕ ಮಾಡೋವಾಗ ನಾನು ಜೊತೆಗೇ ಇರ್ತೀನಿ, ಎರಡನೇದು ಅರ್ಧ ಬಿಟ್ಟು ಕೊಡ್ತೀನಿ, ಮೂರನೇದು ಅವ್ರದ್ದೇ. ಈಜು ಕಲಿಸೋರು ಬೆಂಡು ಕಟ್ಟಿ ಬಾವಿಗೆ ಇಳಿಸಿ ನಿಧಾನಕ್ಕೆ ಬೆಂಡು ಬಿಚ್ಚೋ ಹಾಗೆ. ಬೆಂಡೇ ಇಲ್ದೇ ತಳ್ಳಿದ್ರೆ ಅದು ಕಲಿಸೋದಲ್ಲ.

ಇನ್ನೊಬ್ಬ ಹುಡುಗ ಇದ್ದ. ನಾನು ಅವನಿಗೂ ಗೆರೆ ಹಾಕ್ಕೊಂಡು ಬಾ ಅಂದಿದ್ದೆ. ಅವನು ಬರ್ಲಿಲ್ಲ, ಎರಡು ವಾರ ಆದ್ಮೇಲೆ ಕಾಲೇಜಿಗೇ ಬರ್ಲಿಲ್ಲ. ಅವರಪ್ಪಂಗೆ ಹುಷಾರಿಲ್ಲ, ಇವನು ಬೆಂಗಳೂರಲ್ಲಿ ಡೆಲಿವರಿ ಕೆಲ್ಸಕ್ಕೆ ಹೋದ ಅಂತ ಆಮೇಲೆ ಗೊತ್ತಾಯ್ತು. ಅವತ್ತು ಅವನಿಗೆ ಬೇಕಾಗಿದ್ದು ಪೆನ್ಸಿಲ್ ಗೆರೆ ಆಗಿರ್ಲಿಲ್ಲ, ಮನೇಲಿ ಹೇಗಿದೆಯಪ್ಪಾ ಅಂತ ಒಂದು ಮಾತು. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ಈಗ ಗೆರೆ ಕೇಳೋಕೂ ಮುಂಚೆ ಮುಖ ನೋಡ್ತೀನಿ.

ತಾಳೆಪಟ್ಟಿ ಬಗ್ಗೆ ಪಾಠ ಮಾಡೋವಾಗ ಕೊನೇಲಿ ಒಂದು ವಿಷಯ ಬರುತ್ತೆ, ಮಕ್ಕಳು ಅಷ್ಟಾಗಿ ಗಮನ ಕೊಡಲ್ಲ, ನನಗೆ ಮಾತ್ರ ಅದೇ ಮುಖ್ಯ. ತಾಳೆ ಆಯ್ತು ಅಂದ ಮಾತ್ರಕ್ಕೆ ಪುಸ್ತಕ ಸರಿ ಇದೆ ಅಂತಲ್ಲ. ಫ್ಯಾಕ್ಟರಿಗೆ ಮೆಷಿನ್ ತಗೊಂಡಿದ್ದನ್ನ ಮಾರೋ ಸರಕಿನ ಖರೀದಿ ಅಂತ ಬರ್ದ್ರೂ ತಾಳೆ ಆಗುತ್ತೆ, ಒಂದು ವ್ಯವಹಾರಾನ ಪೂರ್ತಿ ಬರೆಯೋದೇ ಮರೆತ್ರೂ ತಾಳೆ ಆಗುತ್ತೆ. ಮೂರು ವರ್ಷ ಪಾಸಿಂಗ್ ಪ್ಯಾಕೇಜ್ ಓದಿ, ಇಂಪಾರ್ಟೆಂಟ್ ಕ್ವೆಶ್ಚನ್ಸ್ ಉರು ಹೊಡೆದು, ಎಲ್ಲಾ ಪೇಪರ್ ಪಾಸಾಗಿ, ಮಾರ್ಕ್ಸ್ ಕಾರ್ಡ್ ತಾಳೆ ಆಗಿರೋ ಮಕ್ಕಳನ್ನ ನಾನು ನೋಡಿದೀನಿ. ಅವ್ರಲ್ಲಿ ಒಬ್ಬ ಆಡಿಟರ್ ಆಫೀಸಿಗೆ ಕೆಲ್ಸಕ್ಕೆ ಸೇರಿ ಮೂರನೇ ದಿನ ನನಗೆ ಫೋನ್ ಮಾಡಿದ್ದ, ದನಿ ನಡುಗ್ತಿತ್ತು, "ಮೇಡಂ ಇಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ನಮ್ಮ ಪುಸ್ತಕದ ಜೊತೆ ಹೊಂದಿಸು ಅಂದಿದಾರೆ, ಎಲ್ಲಿಂದ ಶುರು ಮಾಡ್ಲಿ". ಆ ಪಾಠದಲ್ಲಿ ಅವನಿಗೆ ಒಳ್ಳೇ ಮಾರ್ಕ್ಸ್ ಇತ್ತು. ಅವತ್ತು ಫೋನಲ್ಲಿ ಒಂದು ಗಂಟೆ ಕೂತು ಹೇಳ್ದೆ, ಪೂರ್ತಿ ಹೇಳ್ಲಿಲ್ಲ, ಎರಡೂ ಕಡೆ ಒಂದೇ ಥರ ಇರೋದನ್ನ ಮೊದ್ಲು ಟಿಕ್ ಹಾಕು, ಟಿಕ್ ಬೀಳ್ದೇ ಉಳಿದಿದ್ದನ್ನ ನೋಡು, ಅಲ್ಲಿಂದ ನೀನೇ ಹೇಳು ಅಂದೆ. ಹೇಳ್ದ ಕೂಡ. ಈ ಕೆಲಸ ಕಾಲೇಜಲ್ಲೇ ಆಗಿದ್ರೆ ಅವನು ಆ ಮೂರು ದಿನ ಅಷ್ಟು ಹೆದರ್ಬೇಕಿರ್ಲಿಲ್ಲ.

ಡೈರಿ ಹುಡುಗನ ವಿಷಯಕ್ಕೆ ವಾಪಸ್ ಬರ್ತೀನಿ. ಮೂರನೇ ಸೆಮಿಸ್ಟರಲ್ಲಿ ಒಂದು ಮಧ್ಯಾಹ್ನ ಆ ಅರ್ಧ ಗಂಟೇಲಿ ಬಂದ, ಮುಖದಲ್ಲಿ ಏನೋ ಇತ್ತು. ಅಮ್ಮನ ಹಾಲಿನ ಪಾಸ್‌ಬುಕ್ ಜೊತೇಲೇ ತಂದಿದ್ದ. ಹದಿನೈದು ದಿನದ ಬಟವಾಡೆ 1,485 ರೂಪಾಯಿ ಬಂದಿತ್ತಂತೆ, ಅಮ್ಮಂಗೆ ಕಮ್ಮಿ ಅನ್ನಿಸಿದೆ, ಹಾಲು ಅಷ್ಟೇ ಹಾಕಿದೀನಿ ದುಡ್ಡು ಯಾಕೋ ಕಮ್ಮಿ ಅಂತ ಗೊಣಗಿ ಸುಮ್ನಾಗಿದಾರೆ. ಇವನು ದಿನದ ಲೆಕ್ಕ ಎಲ್ಲಾ ಕೂತು ಕೂಡಿದಾನೆ, 1,845 ಬರ್ಬೇಕು. ವ್ಯತ್ಯಾಸ 360. "ಒಂಬತ್ತರಿಂದ ಹೋಯ್ತು ಮೇಡಂ, ಸರಿಯಾಗಿ ನಲವತ್ತು ಸಲ! ಎಂಟೂ ನಾಲ್ಕೂ ಅದಲು ಬದಲಾಗಿತ್ತು." ಸಂಘಕ್ಕೆ ಹೋಗಿ ಲೆಡ್ಜರ್ ತೆಗೆಸಿ ಬೆರಳಿಟ್ಟು ತೋರಿಸಿದಾನೆ, ಬರೆಯೋರು ನೋಡಿ ಹೌದಪ್ಪ ಕೈತಪ್ಪಾಗಿದೆ ಅಂತ ಒಪ್ಕೊಂಡು ಮುಂದಿನ ಬಟವಾಡೇಲಿ ಸೇರಿಸಿ ಕೊಟ್ರಂತೆ. ಅಮ್ಮ ಏನಂದ್ರು ಅಂತ ಕೇಳ್ದೆ. "ಇನ್ಮೇಲೆ ಪುಸ್ತಕ ನೀನೇ ನೋಡ್ಕೊಳಪ್ಪ ಅಂದ್ರು ಮೇಡಂ."

ಹೇಳ್ತಾ ಹೇಳ್ತಾ ಪಾಸ್‌ಬುಕ್ ಬ್ಯಾಗಿಗಿಟ್ಟು ನೋಟ್‌ಬುಕ್ ತೆಗೆದ. ಸವಕಳಿ ಲೆಕ್ಕ, ಅಂದ್ರೆ ಬಳಸ್ತಾ ಬಳಸ್ತಾ ಮೆಷಿನ್ನಿನ ಬೆಲೆ ವರ್ಷ ವರ್ಷ ಎಷ್ಟು ಇಳೀತು ಅಂತ ಹಾಕೋದು. ಪೆನ್ಸಿಲ್ ಗೆರೆ ಎರಡನೇ ವರ್ಷದ ಕೆಳಗಿತ್ತು. "ಇಲ್ಲಿವರೆಗೂ ಸರಿ ಬರ್ತಿದೆ ಮೇಡಂ, ಮೂರನೇ ವರ್ಷ ಸೆಪ್ಟೆಂಬರ್ 30ಕ್ಕೆ ಮೆಷಿನ್ ಮಾರ್ತಾರಲ್ಲ, ಅಲ್ಲಿ ಆರು ತಿಂಗಳಿಗೆ ಹಾಕ್ಬೇಕಾ ಪೂರ್ತಿ ವರ್ಷಕ್ಕೆ ಹಾಕ್ಬೇಕಾ? ನಂಗೆ ಆರು ತಿಂಗಳು ಅನ್ಸುತ್ತೆ, ಯಾಕಂದ್ರೆ ಆಮೇಲೆ ಮೆಷಿನ್ ನಮ್ಮ ಹತ್ರ ಇಲ್ವಲ್ಲ, ಇಲ್ದಿರೋದು ಹೆಂಗ್ ಸವೆಯುತ್ತೆ..."